ರತ್ನಗಂಬಳಿಯ ಕಾನೂನು, ಮೊಬೈಲ್ ಫೋನಿನ ಮೊಕದ್ದಮೆ

ಮಾತು ಆರಂಭಿಸುವ ಮುನ್ನ ಒಂದು ಸಣ್ಣ ಪ್ರಯೋಗ ಮಾಡೋಣ. ಮನೆಯಲ್ಲಿರುವ ಯಾವುದಾದರೂ ಸ್ಮಾರ್ಟ್ ಫೋನನ್ನು ಕೈಗೆ ತೆಗೆದುಕೊಳ್ಳಿ. ಹೆಸರುಗಳ ಪಟ್ಟಿಯನ್ನು ತೆರೆದು ಬೆರಳಿನಿಂದ ಮೇಲಕ್ಕೆ ತಳ್ಳುತ್ತಾ ಹೋಗಿ. ಪಟ್ಟಿ ಮುಗಿದ ಮೇಲೂ ಇನ್ನೊಮ್ಮೆ ತಳ್ಳಿ. ಕೆಲವು ಫೋನುಗಳಲ್ಲಿ ಪಟ್ಟಿ ತನ್ನ ಅಂಚನ್ನು ದಾಟಿ ಸ್ವಲ್ಪ ಮೇಲೇರಿ, ಬೆರಳು ತೆಗೆದೊಡನೆ ರಬ್ಬರ್ ಬ್ಯಾಂಡಿನಂತೆ ಹಿಂದಕ್ಕೆ ಬಂದು ನಿಲ್ಲುತ್ತದೆ. ಇನ್ನು ಕೆಲವುಗಳಲ್ಲಿ ಅಂಚಿನಲ್ಲಿ ಮಂದವಾದ ಬೆಳಕು ಹೊಳೆದು ಮಾಯವಾಗುತ್ತದೆ. ಮತ್ತೆ ಕೆಲವುಗಳಲ್ಲಿ ಪಟ್ಟಿಯೇ ಹಿಗ್ಗಿದಂತೆ ಕಾಣುತ್ತದೆ.

ಒಂದೇ ಕೆಲಸಕ್ಕೆ ಹೀಗೆ ಬೇರೆಬೇರೆ ರೂಪಗಳು ಬಂದುದು ಅಭಿರುಚಿಯ ಭೇದದಿಂದ ಮಾತ್ರವಲ್ಲ. ಅದರ ಹಿಂದೆ ನ್ಯಾಯಾಲಯದ ಕಥೆಯೂ ಇದೆ. ಈ ಪುಟಿತವೂ ಸೇರಿದಂತೆ ಕೆಲವು ಹಕ್ಕುಗಳಿಗಾಗಿ ಅಮೆರಿಕದ ಆ್ಯಪಲ್ ಮತ್ತು ದಕ್ಷಿಣ ಕೊರಿಯಾದ ಸ್ಯಾಮ್‌ಸಂಗ್ ಕಂಪನಿಗಳು ಏಳು ವರ್ಷ ಕಾದಾಡಿದವು. ಆ ಕಾದಾಟದ ಕೊನೆಯಲ್ಲಿ ಉಳಿದ ಪ್ರಶ್ನೆ ಮಾತ್ರ ತೀರ ಸರಳವಾದದ್ದು: ಒಂದು ವಸ್ತುವಿನಲ್ಲಿ ಒಂದು ಅಂಶ ಮಾತ್ರ ಇನ್ನೊಬ್ಬರದಾಗಿದ್ದರೆ, ಅವರಿಗೆ ಸಲ್ಲಬೇಕಾದದ್ದು ಆ ಅಂಶದ ಬೆಲೆಯೋ, ಇಡೀ ವಸ್ತುವಿನ ಬೆಲೆಯೋ?

ಮೊದಲು ಪುಟಿತದ ವಿಷಯ. ಪಟ್ಟಿ ಮುಗಿದ ಮೇಲೆ ಪರದೆ ಸುಮ್ಮನೆ ನಿಂತುಬಿಟ್ಟರೆ ಏನು ತೊಂದರೆ? ಬಳಸುವವನಿಗೆ ಎರಡು ಸಂಶಯ ಬರುತ್ತವೆ. ಪಟ್ಟಿ ಮುಗಿಯಿತೋ, ಯಂತ್ರವೇ ಕೆಟ್ಟು ನಿಂತಿತೋ? ಬಾಸ್ ಆರ್ಡಿಂಗ್ ಎಂಬ ಆ್ಯಪಲ್ ತಂತ್ರಜ್ಞರು ಇದಕ್ಕೆ ಕಂಡುಕೊಂಡ ಉತ್ತರ ರಬ್ಬರಿನ ಗುಣ. ಅಂಚು ದಾಟಿದರೆ ಆಚೆಗಿನ ಖಾಲಿ ಜಾಗ ಕಾಣಬೇಕು, ಬೆರಳು ಬಿಟ್ಟರೆ ಪಟ್ಟಿ ತಾನಾಗಿ ಹಿಂದಿರುಗಬೇಕು. ‘ಯಂತ್ರ ಬದುಕಿದೆ, ಪಟ್ಟಿ ಮುಗಿದಿದೆ’ ಎಂಬ ಎರಡೂ ಸುದ್ದಿಗಳು ಅಕ್ಷರದ ಸಹಾಯವಿಲ್ಲದೆ ಬೆರಳಿಗೆ ಮುಟ್ಟುತ್ತವೆ. ಭೌತಶಾಸ್ತ್ರದ ಸ್ಪ್ರಿಂಗ್ ಪಾಠ ನೆನಪಿರುವವರಿಗೆ ಇದರ ಸೊಗಸು ಬೇಗ ತಿಳಿಯುತ್ತದೆ. 2008ರಲ್ಲಿ ಅಮೆರಿಕದ ಪೇಟೆಂಟ್ ಕಚೇರಿ ಇದಕ್ಕೆ 7,469,381 ಎಂಬ ಸಂಖ್ಯೆಯ ಪೇಟೆಂಟ್ ಕೊಟ್ಟಿತು.

ಪೇಟೆಂಟ್ ಎಂದರೇನು? ಅದೊಂದು ಒಪ್ಪಂದ. ನೀವು ಹೊಸದೊಂದನ್ನು ಕಂಡುಹಿಡಿದಿದ್ದೀರಿ. ಅದನ್ನು ಗುಟ್ಟಾಗಿಡದೆ, ಬಲ್ಲವರು ಓದಿ ಮಾಡಿನೋಡುವಷ್ಟು ವಿವರವಾಗಿ ಬರೆದುಕೊಡುತ್ತೀರಿ. ಪ್ರತಿಯಾಗಿ ಸರಕಾರ ಒಂದು ಅವಧಿಯವರೆಗೆ, ನಮ್ಮ ದೇಶದಲ್ಲಿ ಅರ್ಜಿ ಹಾಕಿದ ದಿನದಿಂದ 20 ವರ್ಷ, ನಿಮ್ಮ ಅಪ್ಪಣೆಯಿಲ್ಲದೆ ಬೇರೆಯವರು ಅದನ್ನು ಬಳಸದಂತೆ ತಡೆಯುವ ಹಕ್ಕು ಕೊಡುತ್ತದೆ. ಅವಧಿ ಮುಗಿದ ಮೇಲೆ ಅದು ಎಲ್ಲರ ಸೊತ್ತು. ಅಮೆರಿಕದಲ್ಲಿ ಇನ್ನೊಂದು ಬಗೆಯ ಪೇಟೆಂಟೂ ಉಂಟು. ಅದು ಯಂತ್ರ ಹೇಗೆ ಕೆಲಸ ಮಾಡುತ್ತದೆ ಎಂಬುದಕ್ಕಲ್ಲ, ವಸ್ತು ಹೇಗೆ ಕಾಣುತ್ತದೆ ಎಂಬುದಕ್ಕೆ. ಅದನ್ನು ವಿನ್ಯಾಸದ ಪೇಟೆಂಟ್ ಎನ್ನೋಣ. ಭಾರತದಲ್ಲಿ ವಿನ್ಯಾಸಕ್ಕೆ ಪೇಟೆಂಟ್ ಇಲ್ಲ. 2000ದ ವಿನ್ಯಾಸ ಕಾಯಿದೆಯ ಪ್ರಕಾರ ಬೇರೆಯೇ ನೋಂದಣಿ ಇದೆ. ಈ ಎರಡನೆಯ ಬಗೆಯನ್ನು ನೆನಪಿಟ್ಟುಕೊಳ್ಳಿ, ಹಣದ ಜಗಳವೆಲ್ಲ ಅಲ್ಲಿಯೇ ಇದೆ.

ಈಗ ಕಥೆಗೆ ಬರೋಣ. 2007ರ ಜನವರಿ 9ರಂದು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಸ್ಟೀವ್ ಜಾಬ್ಸ್ ಐಫೋನನ್ನು ಜಗತ್ತಿಗೆ ತೋರಿಸಿದರು. ಕೀಲಿಮಣೆ ಇಲ್ಲದ, ಮುಂಭಾಗವೆಲ್ಲ ಗಾಜಾದ ಫೋನು. 2010ರಲ್ಲಿ ಸ್ಯಾಮ್‌ಸಂಗ್‌ನ ಗ್ಯಾಲಕ್ಸಿ ಎಸ್ ಬಂತು. ಮೂಲೆಗಳು ದುಂಡಗಿನ ಆಯತ, ಕಪ್ಪು ಗಾಜು, ಬಣ್ಣದ ಚೌಕಗಳ ಸಾಲು. ಆ್ಯಪಲ್‌ಗೆ ಇದು ಸಹನೆಯಾಗಲಿಲ್ಲ. ಇಲ್ಲೊಂದು ವಿಚಿತ್ರವಿದೆ. ಐಫೋನಿನ ಮೆದುಳಿನಂತಿದ್ದ ಚಿಪ್ಪನ್ನು ಆ ಕಾಲದಲ್ಲಿ ತಯಾರಿಸಿ ಕೊಡುತ್ತಿದ್ದುದು ಇದೇ ಸ್ಯಾಮ್‌ಸಂಗ್. ಅಂಗಡಿಯಲ್ಲಿ ಸ್ಪರ್ಧಿ, ಕಾರ್ಖಾನೆಯಲ್ಲಿ ಪಾಲುದಾರ. 2011ರ ಏಪ್ರಿಲ್ 15ರಂದು ಆ್ಯಪಲ್ ಕ್ಯಾಲಿಫೋರ್ನಿಯಾದ ಫೆಡರಲ್ ನ್ಯಾಯಾಲಯದಲ್ಲಿ ದಾವೆ ಹೂಡಿತು. ಸ್ಯಾಮ್‌ಸಂಗ್ ಸುಮ್ಮನಿರಲಿಲ್ಲ, ನಿಸ್ತಂತು ಸಂಪರ್ಕದ ತನ್ನ ಪೇಟೆಂಟುಗಳನ್ನು ಹಿಡಿದು ಪ್ರತಿದಾವೆ ಹೂಡಿತು. ಜರ್ಮನಿ, ಬ್ರಿಟನ್, ಜಪಾನ್, ಕೊರಿಯಾ, ಆಸ್ಟ್ರೇಲಿಯಾಗಳಿಗೂ ಜಗಳ ಹಬ್ಬಿತು. ಈ ನಡುವೆ ಚಿಪ್ಪಿನ ವ್ಯಾಪಾರ ನಿಲ್ಲಲಿಲ್ಲ.

ನೋಟದಲ್ಲಿ ಹೋಲಿಕೆ ಇದೆಯೇ ಎಂಬುದನ್ನು ಅಳೆಯುವುದು ಹೇಗೆ? 2011ರ ಅಕ್ಟೋಬರಿನ ಒಂದು ವಿಚಾರಣೆಯಲ್ಲಿ ನ್ಯಾಯಾಧೀಶೆ ಲೂಸಿ ಕೋ ಅವರು ಎರಡು ಕಂಪನಿಗಳ ಎರಡು ಟ್ಯಾಬ್ಲೆಟ್‌ಗಳನ್ನು ತಲೆಯ ಮೇಲೆತ್ತಿ ಹಿಡಿದು, ಯಾವುದು ಯಾರದೆಂದು ಗುರುತಿಸುವಿರಾ ಎಂದು ಸ್ಯಾಮ್‌ಸಂಗ್‌ನ ವಕೀಲೆಯನ್ನೇ ಕೇಳಿದರು. ಇಷ್ಟು ದೂರದಿಂದ ಆಗದು ಎಂಬ ಉತ್ತರ ಬಂತು. ಆದರೆ ಮುಂದಿನ ವರ್ಷ ಜುಲೈಯಲ್ಲಿ ಲಂಡನ್ನಿನ ನ್ಯಾಯಾಧೀಶ ಕಾಲಿನ್ ಬರ್ಸ್ ಅದೇ ಗ್ಯಾಲಕ್ಸಿ ಟ್ಯಾಬ್ಲೆಟ್‌ಗಳನ್ನು ನೋಡಿ, ಅವು ಆ್ಯಪಲ್ ವಿನ್ಯಾಸದ ಸರಳ ಸೊಗಸನ್ನು ಮುಟ್ಟುವುದೇ ಇಲ್ಲ, ಆದ್ದರಿಂದ ನಕಲಲ್ಲ ಎಂದು ತೀರ್ಪಿತ್ತರು. ಇಂಥ ಗೆಲುವಿನಿಂದ ಸ್ಯಾಮ್‌ಸಂಗ್‌ಗೆ ಸಂತೋಷವಾಯಿತೋ ಬೇಸರವಾಯಿತೋ! ಸ್ಟುಡಿಯೋದಲ್ಲಿ ಕ್ಯಾಮೆರಾದ ಎದುರು ಆರಿದ ಎರಡು ಫೋನುಗಳನ್ನು ಮಲಗಿಸಿದರೆ ಎರಡೂ ಕಪ್ಪು ಹಲಗೆಯೇ. ನಮ್ಮ ಕಣ್ಣು ದೂರದಿಂದ ಒಂದನ್ನು ನೋಡುತ್ತದೆ, ಹತ್ತಿರದಿಂದ ಇನ್ನೊಂದನ್ನು.

2012ರ ಬೇಸಿಗೆಯಲ್ಲಿ ಸ್ಯಾನ್ ಹೋಸೆ ನಗರದಲ್ಲಿ ಜ್ಯೂರಿಯ ಮುಂದೆ ವಿಚಾರಣೆ ನಡೆಯಿತು. ಜ್ಯೂರಿ ಎಂದರೆ ಕಾನೂನು ಪಂಡಿತರಲ್ಲದ ಸಾಮಾನ್ಯ ನಾಗರಿಕರು. ಇಲ್ಲಿ ಒಂಬತ್ತು ಮಂದಿ. ಸ್ಯಾಮ್‌ಸಂಗ್‌ನವರೇ 2010ರಲ್ಲಿ ತಯಾರಿಸಿದ್ದ 132 ಪುಟಗಳ ಒಂದು ಆಂತರಿಕ ವರದಿಯನ್ನು ಆ್ಯಪಲ್ ಮುಂದಿಟ್ಟಿತು. ಅದರಲ್ಲಿ ಪುಟಪುಟದಲ್ಲೂ ಐಫೋನ್ ಮತ್ತು ತಮ್ಮ ಫೋನನ್ನು ಅಕ್ಕಪಕ್ಕ ಇಟ್ಟು, ಎಲ್ಲೆಲ್ಲಿ ತಮ್ಮದು ಹಿಂದೆ ಬಿದ್ದಿದೆ, ಏನು ಸುಧಾರಿಸಬೇಕು ಎಂದು ಬರೆದಿದ್ದರು. ಎದುರಾಳಿಯ ಸರಕನ್ನು ಬಿಚ್ಚಿ ನೋಡಿ ಕಲಿಯದ ಕಾರ್ಖಾನೆ ಯಾವುದಿದೆ? ಅಷ್ಟರಿಂದಲೇ ಅದು ಅಪರಾಧವಲ್ಲ. ಆದರೆ ಜ್ಯೂರಿಯ ಮನಸ್ಸಿನಲ್ಲಿ ಆ ಕಾಗದ ಚೆನ್ನಾಗಿಯೇ ನಾಟಿರಬೇಕು.

ಸ್ಯಾಮ್‌ಸಂಗ್‌ನ ವಾದ ಬೇರೆ: ಇವೆಲ್ಲ ಆ್ಯಪಲ್‌ಗಿಂತ ಮೊದಲೇ ಇದ್ದವು. ಮಿತ್ಸುಬಿಷಿ ಕಂಪನಿಯ ಅಮೆರಿಕದ ಪ್ರಯೋಗಶಾಲೆಯಲ್ಲಿ ‘ಡೈಮಂಡ್ ಟಚ್’ ಎಂಬ ಮೇಜನ್ನು ತಯಾರಿಸಿದ್ದರು. ಮೇಲಿನಿಂದ ಪ್ರೊಜೆಕ್ಟರ್ ಚಿತ್ರವನ್ನು ಬೀರುತ್ತಿತ್ತು. ಜನ ಸುತ್ತ ಕುಳಿತು ಬೆರಳುಗಳಿಂದ ಅದನ್ನು ಎಳೆಯಬಹುದಾಗಿತ್ತು. ಮೇಜುಬಟ್ಟೆಯಂತೆ ಎಳೆದು ಬಿಟ್ಟರೆ ಚಿತ್ರ ಹಿಂದಕ್ಕೆ ಸರಿಯುವ ಒಂದು ಪ್ರೋಗ್ರಾಮೂ ಅದರಲ್ಲಿತ್ತು. ಪೇಟೆಂಟ್ ಕಾನೂನಿನಲ್ಲಿ ಇದು ದೊಡ್ಡ ಅಸ್ತ್ರ. ಮೊದಲೇ ಲೋಕಕ್ಕೆ ಗೊತ್ತಿದ್ದುದಕ್ಕೆ ಪೇಟೆಂಟ್ ಸಲ್ಲದು. 1968ರ ‘2001: ಎ ಸ್ಪೇಸ್ ಒಡಿಸ್ಸಿ’ ಚಲನಚಿತ್ರದಲ್ಲಿ ಗಗನಯಾತ್ರಿಗಳು ಊಟ ಮಾಡುತ್ತಾ ತೆಳುವಾದ ಹಲಗೆಯ ಮೇಲೆ ಟೆಲಿವಿಷನ್ ನೋಡುವ ದೃಶ್ಯವಿದೆ. ಟ್ಯಾಬ್ಲೆಟ್ಟಿನ ವಿನ್ಯಾಸ ಹೊಸತಲ್ಲ ಎಂದು ತೋರಿಸಲು ಸ್ಯಾಮ್‌ಸಂಗ್ ಅದನ್ನೂ ನ್ಯಾಯಾಲಯಕ್ಕೆ ತಂದಿತು. ಅದು ಜ್ಯೂರಿಯ ಮುಂದೆ ಬರಲು ನ್ಯಾಯಾಧೀಶೆ ಬಿಡಲಿಲ್ಲ. ದೃಶ್ಯ ಮಾಧ್ಯಮದ ಕಸುಬಿನವನಾದ ನನಗೆ ಇದರಿಂದ ತುಸು ನಿರಾಶೆಯಾಯಿತೆಂದು ಹೇಳಲೇಬೇಕು.

ಉತ್ತರಿಸಬೇಕಾದ ನೂರಾರು ಪ್ರಶ್ನೆಗಳಿದ್ದವು. ಜ್ಯೂರಿ ಮೂರು ದಿನ ತುಂಬುವುದರೊಳಗೆ, 2012ರ ಆಗಸ್ಟ್ 24ರಂದು, ತೀರ್ಪು ಹೇಳಿತು. ಸ್ಯಾಮ್‌ಸಂಗ್ ಸುಮಾರು 105 ಕೋಟಿ ಡಾಲರ್ ಕೊಡಬೇಕು; ಆ್ಯಪಲ್ ಏನೂ ಕೊಡಬೇಕಾಗಿಲ್ಲ. ಇಷ್ಟರಲ್ಲೂ, ವಕೀಲೆ ಗುರುತಿಸಲಾಗದೆ ಹೋದ ಆ ಟ್ಯಾಬ್ಲೆಟ್ ಇತ್ತಲ್ಲ, ಅದು ಆ್ಯಪಲ್‌ನ ಟ್ಯಾಬ್ಲೆಟ್ ವಿನ್ಯಾಸವನ್ನು ನಕಲು ಮಾಡಿಲ್ಲವೆಂದು ಇದೇ ಜ್ಯೂರಿ ಹೇಳಿತು.

ಆಮೇಲೆ ಲೆಕ್ಕ ಏರಿಳಿಯುತ್ತಾ ಹೋಯಿತು. ಒಂದು ಭಾಗಕ್ಕೆ ಮರುವಿಚಾರಣೆ, ಮೇಲ್ಮನವಿ, ಕಡಿತ. 2015ರಲ್ಲಿ ಮೊತ್ತ 54.8 ಕೋಟಿ ಡಾಲರಿಗೆ ಇಳಿದಿತ್ತು. ಈ ನಡುವೆ ಸ್ಯಾಮ್‌ಸಂಗ್ ಪುಟಿತವನ್ನು ಕೈಬಿಟ್ಟು ಅಂಚಿನಲ್ಲಿ ನೀಲಿ ಬೆಳಕು ಬರುವಂತೆ ಮಾಡಿಕೊಂಡಿತು. ನಿಮ್ಮ ಪ್ರಯೋಗದಲ್ಲಿ ಕಂಡ ಬೆಳಕು ಆ ಜಾತಿಯದು. ಪೇಟೆಂಟ್ ದಾರಿಗೆ ಅಡ್ಡವಾದಾಗ ಬಳಸುದಾರಿ ಹುಡುಕುವುದೂ ಆವಿಷ್ಕಾರವೇ.

ಉಳಿದ ಮೊತ್ತದಲ್ಲಿ 39.9 ಕೋಟಿ ಡಾಲರ್ ಬಂದದ್ದು ನೋಟದಿಂದ, ಅಂದರೆ ಮೂರು ವಿನ್ಯಾಸ ಪೇಟೆಂಟುಗಳಿಂದ. ಒಂದು ಕಪ್ಪು ಮುಂಭಾಗದ್ದು, ಒಂದು ದುಂಡು ಮೂಲೆ ಮತ್ತು ಅಂಚುಪಟ್ಟಿಯದು, ಮೂರನೆಯದು ಪರದೆಯ ಮೇಲಿನ ಚೌಕಗಳ ಜೋಡಣೆಯದು. ಆ ಮೊತ್ತ ಸ್ಯಾಮ್‌ಸಂಗ್ ಆ ಫೋನುಗಳಿಂದ ಗಳಿಸಿದ ಪೂರ್ತಿ ಲಾಭ! ಕ್ಯಾಮೆರಾದಿಂದ ಬಂದ ಲಾಭ, ಬ್ಯಾಟರಿಯಿಂದ ಬಂದ ಲಾಭ, ರೇಡಿಯೋ ಚಿಪ್ಪಿನಿಂದ ಬಂದ ಲಾಭ ಎಂದು ಬೇರ್ಪಡಿಸಲೇ ಇಲ್ಲ. ಏಕೆ? ಕಾನೂನು ಹಾಗಿತ್ತು.

ಆ ಕಾನೂನಿನ ಹುಟ್ಟು ನೋಡಬೇಕಾದರೆ 19ನೆಯ ಶತಮಾನದ ರತ್ನಗಂಬಳಿ ಕಾರ್ಖಾನೆಗಳಿಗೆ ಹೋಗಬೇಕು. ಹಾರ್ಟ್‌ಫರ್ಡ್ ಕಾರ್ಪೆಟ್ ಕಂಪನಿಯ ರತ್ನಗಂಬಳಿಯ ಚಿತ್ತಾರವನ್ನು ಡಾಬ್ಸನ್ ಎಂಬವರು ನಕಲು ಮಾಡಿ ಮಾರಿದರು. ನಕಲು ಸಾಬೀತಾಯಿತು. ಆದರೆ 1885ರಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯ ಹೇಳಿತು: ಗಂಬಳಿಯ ಲಾಭದಲ್ಲಿ ಚಿತ್ತಾರದ ಪಾಲೆಷ್ಟು, ನೂಲಿನ ಪಾಲೆಷ್ಟು, ನೇಯ್ಗೆಯ ಪಾಲೆಷ್ಟು ಎಂದು ನೀವು ತೋರಿಸಿಲ್ಲ. ಪರಿಹಾರ ಎಷ್ಟು ಸಿಕ್ಕಿತು ಗೊತ್ತೆ? ಆರು ಸೆಂಟ್! ಚಿತ್ತಾರ ಬರೆಯುವವರು ಕಂಗಾಲಾದರು. ನಕಲಿಗೆ ಆರು ಸೆಂಟ್ ದಂಡವಾದರೆ ಹೊಸ ಚಿತ್ತಾರ ಯಾರು ಬರೆದಾರು? 1887ರಲ್ಲಿ ಅಲ್ಲಿನ ಸಂಸತ್ತು ಕಾನೂನು ತಿದ್ದಿತು. ನಕಲು ಮಾಡಿದವನು ಆ ವಸ್ತುವಿನಿಂದ ಗಳಿಸಿದ ಪೂರ್ತಿ ಲಾಭವನ್ನು ವಿನ್ಯಾಸದ ಒಡೆಯನಿಗೆ ಕೊಡಬೇಕು.

ರತ್ನಗಂಬಳಿಯ ಮಟ್ಟಿಗೆ ಇದು ಸರಿಯೇ. ನಮ್ಮ ನವಲಗುಂದದ ಜಮಖಾನೆಯನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಕೊಳ್ಳುವವರ ಕಣ್ಣು ಮೊದಲು ಹೋಗುವುದು ನವಿಲಿನ ಮೇಲೆ, ಆಮೇಲೆ ನೂಲಿನ ಮೇಲೆ. ಆದರೆ ಫೋನು ಗಂಬಳಿಯಲ್ಲ. ಅದರೊಳಗೆ ಸಾವಿರಾರು ಜನರ ಸಾವಿರಾರು ಆವಿಷ್ಕಾರಗಳಿವೆ. ಹೊರಮೈಯ ಒಡೆಯನಿಗೇ ಲಾಭವನ್ನೆಲ್ಲ ಕೊಟ್ಟರೆ ಒಳಗಿನವರಿಗೆ ಉಳಿಯುವುದೇನು? ಇನ್ನೊಂದು ಕಡೆಯಿಂದ ನೋಡಿ: ಪಾಲು ಲೆಕ್ಕ ಹಾಕಲೇಬೇಕೆಂದು ಹಟ ಹಿಡಿದರೆ ಮತ್ತೆ ಆರು ಸೆಂಟಿನ ಕಾಲ ಬಂದೀತು. ನೂರಕ್ಕೂ ಹೆಚ್ಚು ವಿನ್ಯಾಸಕಾರರು ಆ್ಯಪಲ್ ಪರವಾಗಿ ಸರ್ವೋಚ್ಚ ನ್ಯಾಯಾಲಯಕ್ಕೆ ಬರೆದರು. ಗೂಗಲ್, ಫೇಸ್‌ಬುಕ್ ಮೊದಲಾದ ಕಂಪನಿಗಳು ಸ್ಯಾಮ್‌ಸಂಗ್ ಪರವಾಗಿ ನಿಂತವು.

ನೂರು ವರ್ಷಗಳಿಗೂ ಹೆಚ್ಚು ಕಾಲ ವಿನ್ಯಾಸ ಪೇಟೆಂಟಿನ ಗೊಡವೆಗೆ ಹೋಗದಿದ್ದ ಆ ನ್ಯಾಯಾಲಯ 2016ರ ಅಕ್ಟೋಬರಿನಲ್ಲಿ ವಾದ ಕೇಳಿತು. ಫೋಕ್ಸ್‌ವ್ಯಾಗನ್ ಬೀಟಲ್ ಕಾರಿನ ಉದಾಹರಣೆ ಅಲ್ಲಿ ಮತ್ತೆ ಮತ್ತೆ ಬಂತು. ಜೀರುಂಡೆಯ ಆಕಾರಕ್ಕೆ ಮನಸೋತೇ ಜನ ಆ ಕಾರನ್ನು ಕೊಳ್ಳುವುದಾದರೂ, ಅದರ ಎಂಜಿನ್ನಿಗೆ ಬೆಲೆಯಿಲ್ಲವೆ? ಡಿಸೆಂಬರ್ 6ರಂದು ಎಂಟು ನ್ಯಾಯಮೂರ್ತಿಗಳೂ ಒಮ್ಮತದಿಂದ ತೀರ್ಪು ಕೊಟ್ಟರು. ಬರೆದವರು ನ್ಯಾಯಮೂರ್ತಿ ಸೋನಿಯಾ ಸೊಟೊಮೇಯರ್. ಕಾನೂನು ಹೇಳುವ ‘ವಸ್ತು’ ಎಂದರೆ ಗ್ರಾಹಕನಿಗೆ ಮಾರಿದ ಇಡೀ ಸರಕೇ ಆಗಬೇಕಿಲ್ಲ, ಅದರ ಒಂದು ಭಾಗವೂ ಆಗಬಹುದು. ಹಾಗಾದರೆ ಈ ಫೋನಿನಲ್ಲಿ ‘ವಸ್ತು’ ಯಾವುದು? ಅದನ್ನು ಅವರು ಹೇಳಲಿಲ್ಲ. ಕಂಡುಕೊಳ್ಳುವ ವಿಧಾನವನ್ನೂ ಹೇಳಲಿಲ್ಲ. ಕೆಳಗಿನ ನ್ಯಾಯಾಲಯಕ್ಕೆ ಬಿಟ್ಟರು.

ಸ್ಯಾಮ್‌ಸಂಗ್ ಗೆದ್ದಿತು ಎಂದುಕೊಂಡಿರಾ? 2018ರ ಮೇ 24ರಂದು ಹೊಸ ಜ್ಯೂರಿ ಲೆಕ್ಕ ಹಾಕಿ 53.9 ಕೋಟಿ ಡಾಲರ್ ಎಂದಿತು. ಅದರಲ್ಲಿ 53.3 ಕೋಟಿ ವಿನ್ಯಾಸಕ್ಕೆ. ರಬ್ಬರ್ ಪುಟಿತವೂ ಸೇರಿದ ಕಾರ್ಯವಿಧಾನದ ಪೇಟೆಂಟುಗಳಿಗೆ ಈ ಸಲ ಸಿಕ್ಕಿದ್ದು ಸುಮಾರು 53 ಲಕ್ಷ ಮಾತ್ರ. ದೊಡ್ಡ ನ್ಯಾಯಾಲಯದಲ್ಲಿ ಎಂಟಕ್ಕೆ ಎಂಟು ಗೆದ್ದವರಿಗೆ ಹಿಂದಿನ 39.9 ಕೋಟಿಗಿಂತ ದೊಡ್ಡ ಬಿಲ್ಲು! ಕಣ್ಣಿಗೆ ಕಾಣುವುದಕ್ಕೂ ಕೆಲಸ ಮಾಡುವುದಕ್ಕೂ ನಡುವೆ ನೂರು ಪಟ್ಟು ಅಂತರ. ವಿಜ್ಞಾನ ಓದಿದ ನನಗೆ ಇದು ಇನ್ನೂ ಒಪ್ಪಿಗೆಯಾಗಿಲ್ಲ. ಮುಂದಿನ ತಿಂಗಳು, ಜೂನ್ 27ರಂದು, ಎರಡೂ ಕಂಪನಿಗಳು ರಾಜಿಯಾದವು. ಷರತ್ತುಗಳನ್ನು ಹೊರಗೆಡಹಲಿಲ್ಲ. ಹೀಗಾಗಿ ಈ ಮೊಕದ್ದಮೆಯಲ್ಲಿ ‘ವಸ್ತು’ ಯಾವುದೆಂದು ಮೇಲಿನ ನ್ಯಾಯಾಲಯ ಹೇಳುವ ಸಂದರ್ಭವೇ ಬರಲಿಲ್ಲ.

ಇದೆಲ್ಲ ಅಮೆರಿಕದ ಮಾತಾಯಿತು, ನಮಗೇನು ಎನ್ನಬೇಡಿ. ಭಾಗದ ಬೆಲೆಯೋ ಇಡೀ ಸರಕಿನ ಬೆಲೆಯೋ ಎಂಬ ಪ್ರಶ್ನೆ ದೆಹಲಿಗೂ ಬಂತು. ಆದರೆ ಇಲ್ಲಿ ಹೊರಮೈಯ ವಿಷಯವಲ್ಲ, ಒಳಗಿನ ವಿಷಯ.

ಎಲ್ಲ ಕಂಪನಿಗಳ ಫೋನುಗಳೂ ಒಂದರೊಡನೊಂದು ಮಾತನಾಡಬೇಕಾದರೆ ಎಲ್ಲರೂ ಒಂದೇ ನಿಯಮ ಪಾಲಿಸಬೇಕು. ಇದಕ್ಕೆ ಮಾನಕ ಎನ್ನುತ್ತೇವೆ. ಉದಾಹರಣೆಗೆ ನಿಮ್ಮ ಧ್ವನಿಯನ್ನು ಅಂಕಿಗಳಾಗಿ ಬದಲಿಸಿ ಕಳಿಸುವ ಒಂದು ವಿಧಾನವಿದೆ. ಸಿಗ್ನಲ್ ಚೆನ್ನಾಗಿದ್ದರೆ ಧ್ವನಿಗೆ ಸೆಕೆಂಡಿಗೆ 12,200 ಬಿಟ್‌ಗಳನ್ನು ಬಳಸುತ್ತದೆ. ಸಿಗ್ನಲ್ ಕುಗ್ಗಿದರೆ 4,750ಕ್ಕೂ ಇಳಿಸಿ, ಉಳಿತಾಯವಾದ ಜಾಗದಲ್ಲಿ ತಪ್ಪು ತಿದ್ದಿಕೊಳ್ಳಲು ಬೇಕಾದ ಅಂಕಿಗಳನ್ನು ತುಂಬುತ್ತದೆ. ಘಟ್ಟದ ತಿರುವಿನಲ್ಲಿ ಬಸ್ಸು ಹೋಗುವಾಗ ಧ್ವನಿ ಒರಟಾದರೂ ಮಾತು ಕಡಿಯದೆ ಇರುವುದಕ್ಕೆ ಇಂಥ ಜಾಣ್ಮೆಗಳೇ ಕಾರಣ. ಇದಕ್ಕೆ ಸಂಬಂಧಿಸಿದ ಕೆಲವು ಪೇಟೆಂಟುಗಳು ಸ್ವೀಡನ್ನಿನ ಎರಿಕ್ಸನ್ ಕಂಪನಿಯವು. ಮಾನಕದೊಳಗೆ ಸೇರಿದ ಪೇಟೆಂಟಿಗೆ ಬಳಸುದಾರಿ ಇಲ್ಲ. ಪುಟಿತದ ಬದಲು ನೀಲಿ ಬೆಳಕು ಎಂಬಂತೆ ತಪ್ಪಿಸಿಕೊಳ್ಳಲಾಗದು. ಆದ್ದರಿಂದ ಒಡೆಯರು ನ್ಯಾಯಯುತವಾದ, ಸಮಂಜಸವಾದ, ತಾರತಮ್ಯವಿಲ್ಲದ ಶುಲ್ಕಕ್ಕೆ ಅದನ್ನು ಎಲ್ಲರಿಗೂ ಕೊಡಲು ಮೊದಲೇ ಒಪ್ಪಿರುತ್ತಾರೆ. ಸಮಂಜಸವೆಂದರೆ ಎಷ್ಟು ಎಂಬಲ್ಲಿ ಜಗಳ.

2013ರಲ್ಲಿ ಎರಿಕ್ಸನ್ ನಮ್ಮ ಮೈಕ್ರೋಮ್ಯಾಕ್ಸ್ ಮೇಲೆ ದೆಹಲಿ ಹೈಕೋರ್ಟಿನಲ್ಲಿ ದಾವೆ ಹೂಡಿತು. ಆಮೇಲೆ ಇಂಟೆಕ್ಸ್, ಲಾವಾ. 2014ರ ಡಿಸೆಂಬರಿನಲ್ಲಿ ಚೀನಾದ ಶಿಯೋಮಿ ಫೋನುಗಳ ಮಾರಾಟಕ್ಕೇ ತಡೆ ಬಂತು. ಒಂದು ವಾರದ ನಂತರ, ಒಂದು ಬಗೆಯ ಚಿಪ್ಪಿರುವ ಫೋನುಗಳನ್ನು ತಲಾ 100 ರೂಪಾಯಿ ಠೇವಣಿಯಿಟ್ಟು ಮಾರಲು ಅನುಮತಿ ಸಿಕ್ಕಿತು. ಮೈಕ್ರೋಮ್ಯಾಕ್ಸ್ ಭಾರತೀಯ ಸ್ಪರ್ಧಾ ಆಯೋಗಕ್ಕೆ ದೂರು ಕೊಟ್ಟಿತು. 2013ರ ನವೆಂಬರಿನ ಆದೇಶದಲ್ಲಿ ಆಯೋಗ ಕೊಟ್ಟ ಲೆಕ್ಕ ನಿಮ್ಮ ಗಣಿತದ ಪುಸ್ತಕದಲ್ಲಿರುವಷ್ಟು ಸುಲಭ. ಶುಲ್ಕ ಶೇಕಡಾ 1.25. ಆ ಚಿಪ್ಪು 100 ರೂಪಾಯಿಯ ಫೋನಿನಲ್ಲಿದ್ದರೆ ಎರಿಕ್ಸನ್‌ಗೆ 1.25 ರೂಪಾಯಿ; ಅದೇ ಚಿಪ್ಪು 1,000 ರೂಪಾಯಿಯ ಫೋನಿನಲ್ಲಿದ್ದರೆ 12.50 ರೂಪಾಯಿ. ಚಿಪ್ಪು ಮಾಡುವ ಕೆಲಸ ಒಂದೇ. ಹೆಚ್ಚಿನ ಬೆಲೆ ಬಂದದ್ದು ಒಳ್ಳೆಯ ಪರದೆಯಿಂದಲೋ ಕ್ಯಾಮೆರಾದಿಂದಲೋ ಇರಬಹುದು. ಅದರಲ್ಲಿ ಎರಿಕ್ಸನ್‌ಗೆ ಪಾಲೇಕೆ?

ಇದಕ್ಕೂ ಪ್ರತಿವಾದವಿದೆ. ಸಂಪರ್ಕವಿಲ್ಲದ ಫೋನಿಗೆ ಒಳ್ಳೆಯ ಪರದೆಯಿದ್ದರೂ ಯಾರು ಕೊಳ್ಳುತ್ತಾರೆ? ಚಿಪ್ಪಿನ ಬೆಲೆಯಲ್ಲಿ ಸಂಶೋಧನೆಯ ಬೆಲೆ ಸೇರಿರುವುದಿಲ್ಲ. ಅದು ಹೊರಗೆ ಬರುವುದು ಫೋನಿನಲ್ಲಿ. ವರ್ಷಗಟ್ಟಲೆ ಪ್ರಯೋಗಶಾಲೆ ನಡೆಸಿದವರ ಈ ಮಾತನ್ನು ತಳ್ಳಿಹಾಕುವಂತಿಲ್ಲ. 2023ರ ಜುಲೈಯಲ್ಲಿ ದೆಹಲಿ ಹೈಕೋರ್ಟಿನ ವಿಭಾಗೀಯ ಪೀಠ, ಇಂಥ ಶುಲ್ಕದ ವಿಷಯ ಪೇಟೆಂಟ್ ಕಾಯಿದೆಗೆ ಸೇರಿದ್ದು, ಸ್ಪರ್ಧಾ ಆಯೋಗಕ್ಕಲ್ಲ ಎಂದಿತು. 2024ರ ಮಾರ್ಚ್ 28ರಂದು ಅದೇ ಹೈಕೋರ್ಟಿನ ಏಕಸದಸ್ಯ ಪೀಠ ಲಾವಾ ಕಂಪನಿ ಎರಿಕ್ಸನ್‌ಗೆ 244 ಕೋಟಿ ರೂಪಾಯಿ ಕೊಡಬೇಕೆಂದು ಆದೇಶಿಸಿತು. ಲೆಕ್ಕ ಹಿಡಿದದ್ದು ಫೋನಿನ ಮಾರಾಟ ಬೆಲೆಯ ಮೇಲೆ, ಚಿಪ್ಪಿನ ಬೆಲೆಯ ಮೇಲಲ್ಲ. ಅಮೆರಿಕದ್ದು ವಿನ್ಯಾಸದ ಕಾನೂನು, ಇದು ಮಾನಕದ ಪೇಟೆಂಟು. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು. ಆದರೆ 1885ರಲ್ಲಿ ಗಂಬಳಿಯ ಮುಂದೆ ನಿಂತ ನ್ಯಾಯಾಧೀಶರ ತಲೆನೋವು ಇದೇ ಆಗಿತ್ತು.

ಹೆಚ್ಚು ತಿಳಿಯಬೇಕೆನ್ನುವವರಿಗೆ ಒಂದು ಸೂಚನೆ. ಪ್ರಕಟವಾದ ಪೇಟೆಂಟುಗಳನ್ನು ಯಾರು ಬೇಕಾದರೂ ದುಡ್ಡು ಕೊಡದೆ ಓದಬಹುದು. ಬರೆದು ಬಹಿರಂಗಪಡಿಸಬೇಕೆಂಬುದೇ ಒಪ್ಪಂದವಲ್ಲವೆ? ನಾನು ಹೇಳಿದ 7,469,381 ಸಂಖ್ಯೆಯದನ್ನು ಹುಡುಕಿ ನೋಡಿ. ಮೊದಲು ಚಿತ್ರಗಳನ್ನು ನೋಡಿ, ಆಮೇಲೆ ಕೊನೆಯಲ್ಲಿರುವ ಹಕ್ಕುಗಳ ಪಟ್ಟಿಯನ್ನು ಓದಿ. ವಾಕ್ಯಗಳು ಮಾರುದ್ದ ಇರುತ್ತವೆ, ಹೆದರಬೇಡಿ. ಕರ್ನಾಟಕದವರು ಪೇಟೆಂಟ್ ಅರ್ಜಿ ಸಲ್ಲಿಸಬೇಕಾದದ್ದು ಚೆನ್ನೈನ ಕಚೇರಿಗೆ. 2021ರಿಂದ ಶಿಕ್ಷಣ ಸಂಸ್ಥೆಗಳಿಗೆ ಶುಲ್ಕದಲ್ಲಿ ಶೇಕಡಾ 80ರಷ್ಟು ರಿಯಾಯಿತಿ ಇದೆ. ನಿಮ್ಮ ಕಾಲೇಜಿನ ಅಧ್ಯಾಪಕರಿಗೆ ಈ ವಿಷಯ ಗೊತ್ತಿದೆಯೇ ಎಂದು ಕೇಳಿ ನೋಡಿ.